ಮೊದಲ ನೂರು ಜನ ಯಾರು?

ಆ ಭಾನುವಾರ ನಮ್ಮ ಮನೆಯ ಮಹಡಿ ಕೋಣೆಯಲ್ಲಿ 14 ಹಸ್ತಪ್ರತಿಗಳಿದ್ದವು. ಕೆಲವಕ್ಕೆ ಸ್ಪೈರಲ್ ಬೈಂಡಿಂಗ್ ಆಗಿತ್ತು. ಕೆಲವು ಬರೀ ದಾರ ಕಟ್ಟಿದ ಹಾಳೆಗಳು. ಒಂದು ಮಾತ್ರ ಮೂರು ಉದ್ದನೆಯ ನೋಟ್‌ಬುಕ್ಕಿನಲ್ಲಿ, ನೀಲಿ ಪೆನ್ನಿನ ಕೈಬರಹದಲ್ಲಿತ್ತು. ಸಂಜೆಯೊಳಗೆ ಇವುಗಳಲ್ಲಿ ನಾಲ್ಕನ್ನು ಆರಿಸಬೇಕಿತ್ತು.

ನಾನು ದಾವಣಗೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತಿಯಾದವಳು. ಆರು ವರ್ಷದಿಂದ ಬೆಂಗಳೂರಿನ ಒಬ್ಬ ಸಣ್ಣ ಪ್ರಕಾಶಕರಿಗೆ ಹಸ್ತಪ್ರತಿ ಓದಿ ಅಭಿಪ್ರಾಯ ಬರೆದುಕೊಡುತ್ತಿದ್ದೇನೆ. ಅವರು ಮೂಲತಃ ಹರಿಹರದವರು, ನನ್ನನ್ನು ಅಕ್ಕ ಅನ್ನುತ್ತಾರೆ. ಯಾವಾಗಲೂ ಫೋನಿನಲ್ಲೇ ಮಾತು ಮುಗಿಯುತ್ತಿತ್ತು. ಈ ಸಲ ಮಾತ್ರ, "ಊರಿಗೆ ಬರ್ತಿದೀನಿ ಅಕ್ಕಾ, ಎಲ್ಲಾ ಎದುರಿಗಿಟ್ಟುಕೊಂಡು ಕೂತು ತೀರ್ಮಾನ ಮಾಡಿಬಿಡೋಣ" ಅಂದರು. ಬೆಳಿಗ್ಗೆ ಬಂದವರೇ ಬೆಣ್ಣೆ ದೋಸೆ ತಿಂದು, ಕೈ ತೊಳೆದು, ಮಹಡಿ ಹತ್ತಿದರು.

ಮೊದಲ ಒಂದು ಗಂಟೆಯಲ್ಲೇ ಎಂಟು ಹಸ್ತಪ್ರತಿಗಳು ಪಕ್ಕಕ್ಕೆ ಸರಿದವು. ಅವೆಲ್ಲ ಕೆಟ್ಟ ಬರಹಗಳಾಗಿದ್ದವು ಅಂದುಕೊಳ್ಳಬೇಡಿ. ಒಂದು ಕವನ ಸಂಕಲನ ನನಗೆ ತುಂಬಾ ಹಿಡಿಸಿತ್ತು. "ಚೆನ್ನಾಗಿದೆ ಅಕ್ಕಾ. ಆದ್ರೆ ಈ ವರ್ಷ ಎರಡು ಕವನ ಸಂಕಲನ ಆಗಲೇ ಒಪ್ಪಿಕೊಂಡಿದೀನಿ, ಮೂರನೇದಕ್ಕೆ ನ್ಯಾಯ ಮಾಡೋಕೆ ಆಗಲ್ಲ" ಅಂದರು. ಒಂದು ಕಾದಂಬರಿಯ ವಸ್ತು, ಅವರೇ ಹೋದ ವರ್ಷ ತಂದ ಪುಸ್ತಕಕ್ಕೆ ತೀರಾ ಹತ್ತಿರವಿತ್ತು. ಒಂದು ಅನುವಾದ ಬಹಳ ಸೊಗಸಾಗಿತ್ತು. ಆದರೆ ಅನುವಾದಕರು ಮೂಲ ಲೇಖಕರ ಮನೆಯವರಿಂದ ಅನುಮತಿ ಪಡೆದಿರಲಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಆ ಲೇಖಕರು ತೀರಿಕೊಂಡು ಇನ್ನೂ 30 ವರ್ಷವೂ ಆಗಿಲ್ಲ. "ಅನುಮತಿ ಪತ್ರ ಬರಲಿ, ಆಮೇಲೆ ನೋಡೋಣ" ಅಂತ ಅದರ ಮೇಲೆ ಚೀಟಿ ಅಂಟಿಸಿದರು.

ಚಿತ್ರದುರ್ಗದ ಮೇಷ್ಟ್ರೊಬ್ಬರು ಬರೆದ ಪಾಳೆಯಗಾರರ ಕಾದಂಬರಿ 600 ಪುಟವಿತ್ತು. ಅದನ್ನು ಕೈಗೆತ್ತಿಕೊಂಡು ತೂಗಿ ನೋಡಿದವರೇ ಸುಮ್ಮನಾದರು. ನನಗೆ ಕಾರಣ ಗೊತ್ತಿತ್ತು. ದುರ್ಗದ ಚರಿತ್ರೆಯ ಮೇಲೆ ಕಾದಂಬರಿ ಅಂದರೆ ಕನ್ನಡದ ಓದುಗರಿಗೆ ಮೊದಲು ನೆನಪಾಗುವುದು ತ.ರಾ.ಸು. ಅದೇ ದಾರಿಯಲ್ಲಿ ನಡೆಯುವವರು ಆ ಹೋಲಿಕೆಯನ್ನು ಎದುರಿಸಲೇಬೇಕು. ಹೊಸ ಕಣ್ಣಿದ್ದರೆ ಎದುರಿಸಬಹುದು. ಇದರಲ್ಲಿ ಯುದ್ಧ, ದರ್ಬಾರು, ಮತ್ತೆ ಯುದ್ಧ. ನನ್ನ ಟಿಪ್ಪಣಿಯಲ್ಲೂ ಹಾಗೇ ಬರೆದಿದ್ದೆ.

ನಾನು ಓದುವ ರೀತಿಯನ್ನೂ ಇಲ್ಲಿ ಹೇಳಬೇಕು. ಮೊದಲ ಇಪ್ಪತ್ತು ಪುಟ ಓದುತ್ತೇನೆ. ಆಮೇಲೆ ನಡುವೆ ಎಲ್ಲಾದರೂ ತೆಗೆದು ಹತ್ತು ಪುಟ. ಎರಡೂ ಕಡೆ ಮನಸ್ಸು ನಿಂತರೆ ಪೂರ್ತಿ ಓದುತ್ತೇನೆ. ಕೊನೆಗೆ ಒಂದು ಹಾಳೆಯ ಟಿಪ್ಪಣಿ. ಇದರಲ್ಲಿ ಏನಿದೆ, ಯಾರು ಓದುತ್ತಾರೆ, ಎಲ್ಲಿ ತಿದ್ದಬೇಕು, ತೆಗೆದುಕೊಳ್ಳಬಹುದಾ ಬೇಡವಾ. ಮೊದಲ ಪ್ರಶ್ನೆಗೆ ಉತ್ತರ ಬರೆಯುವುದು ಸುಲಭ. ಎರಡನೆಯದಕ್ಕೆ ನಾನು ಯಾವಾಗಲೂ "ಸಾಹಿತ್ಯಾಸಕ್ತರು" ಅಂತ ಒಂದೇ ಪದ ಬರೆದು ಮುಗಿಸುತ್ತಿದ್ದೆ. ಅದು ಉತ್ತರವೇ ಅಲ್ಲ ಅಂತ ಅರ್ಥವಾಗಿದ್ದು ಅವತ್ತು.

ಊಟ ಆದ ಮೇಲೆ ಅವರು ಬ್ಯಾಗಿನಿಂದ ಡೈರಿ ತೆಗೆದರು. "ಅಕ್ಕಾ, ಒಂದು ಪುಸ್ತಕದ ಲೆಕ್ಕ ಹಾಕ್ತೀನಿ, ನೀವೇ ನೋಡಿ" ಅಂದರು.

ಡೆಮಿ, ಅಂದರೆ ಮಾಮೂಲಿ ಪುಸ್ತಕದ ಅಳತೆಯಲ್ಲಿ 208 ಪುಟ. ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ, ಅಲ್ಲಿಗೆ 13 ಫಾರಂ. 500 ಪ್ರತಿಯ ಮುದ್ರಣ, ಬೈಂಡಿಂಗಿಗೆ 40,000 ರೂಪಾಯಿ. ಅಕ್ಷರ ಜೋಡಣೆ (ಡಿಟಿಪಿ), ಕರಡು ತಿದ್ದುವುದು, ಮುಖಪುಟ, ಇವಕ್ಕೆ 20,000. ಬೆಲೆ 250 ಅಂತ ಇಟ್ಟುಕೊಳ್ಳೋಣ. ಪುಸ್ತಕದಂಗಡಿಗೆ ನೂರಕ್ಕೆ 40 ಬಿಟ್ಟರೆ ಕೈಗೆ ಬರುವುದು 150. ಅದರಲ್ಲಿ ಲೇಖಕರ ಗೌರವಧನ, ಬೆಲೆಯ ನೂರಕ್ಕೆ ಹತ್ತರಂತೆ, 25. ಉಳಿಯುವುದು 125. 500ರಲ್ಲಿ 50 ಪ್ರತಿ ಲೇಖಕರಿಗೆ, ವಿಮರ್ಶೆಗೆ ಅಂತ ಹೋಗುತ್ತವೆ. ಮಿಕ್ಕ 450 ಪ್ರತಿ ಒಂದೂ ಬಿಡದಂತೆ ಅಂಗಡಿಯಲ್ಲಿ ಮಾರಿದರೂ ಬರುವುದು 56,250. ಖರ್ಚು 60,000.

ನಾನು ಎರಡು ಸಲ ಕೂಡಿಸಿ ನೋಡಿದೆ. ಅಷ್ಟೂ ಪುಸ್ತಕ ಮಾರಿದ ಮೇಲೂ ನಷ್ಟ!

"ಮತ್ತೆ ಗ್ರಂಥಾಲಯದವರು ತಗೋತಾರಲ್ವಾ?" ಅಂತ ಕೇಳಿದೆ.

"ಸಗಟು ಖರೀದಿಗೆ ಆಯ್ಕೆ ಆದ್ರೆ ಒಳ್ಳೇದೇ. ಆದ್ರೆ ಆಗೇ ಆಗುತ್ತೆ ಅಂತ ಮೊದಲೇ ಲೆಕ್ಕಕ್ಕೆ ಹಿಡಿಯೋ ಹಂಗಿಲ್ಲ ಅಕ್ಕಾ. ಈಗ ಇಲ್ನೋಡಿ."

450ರಲ್ಲಿ 100 ಪ್ರತಿಯನ್ನು ಅಂಗಡಿಯ ನೆರವಿಲ್ಲದೆ ನೇರವಾಗಿ ಓದುಗರಿಗೆ ಕೊಟ್ಟರೆ? ಅವರಿಗೆ ನೂರಕ್ಕೆ 20 ರಿಯಾಯಿತಿ ಕೊಟ್ಟರೂ 200 ಬರುತ್ತದೆ. ಲೇಖಕರದ್ದು ಕಳೆದು 175. ನೂರು ಪ್ರತಿಗೆ 17,500. ಉಳಿದ 350ಕ್ಕೆ ಅಂಗಡಿಯಿಂದ 43,750. ಒಟ್ಟು 61,250. ಆಗ ಪುಸ್ತಕ ದಡ ಸೇರುತ್ತದೆ. ಕೈಯಲ್ಲಿ 1,250 ರೂಪಾಯಿ ಉಳಿಯುತ್ತದೆ.

"ಅದಕ್ಕೇ ನಾನು ಪ್ರತಿ ಹಸ್ತಪ್ರತಿ ಎದುರಿಗೂ ಕೇಳ್ಕೊಳ್ಳೋದು, ಇದನ್ನ ತಾವಾಗೇ ಕೇಳಿ ತಗೊಳ್ಳೋ ಮೊದಲ ನೂರು ಜನ ಯಾರು ಅಂತ. ನೆಂಟರಲ್ಲ. ನೆಂಟರು ದಾಕ್ಷಿಣ್ಯಕ್ಕೆ ತಗೊಂಡು ಷೋಕೇಸಿನಲ್ಲಿಡ್ತಾರೆ. ಓದಿ ಇನ್ನೊಬ್ಬರಿಗೆ ಹೇಳೋ ನೂರು ಜನ ಬೇಕು."

ದೆಹಲಿಯ ದೊಡ್ಡ ಇಂಗ್ಲಿಷ್ ಪ್ರಕಾಶನಗಳಲ್ಲಿ ಇದಕ್ಕಾಗಿಯೇ ಸಭೆ ಸೇರುತ್ತಾರೆ. ಹಸ್ತಪ್ರತಿ ಮೆಚ್ಚಿದ ಸಂಪಾದಕರು ಅದರ ಪರವಾಗಿ ಮಾತಾಡಬೇಕು. ಮಾರಾಟದವರು, ಪ್ರಚಾರದವರು, ಲೆಕ್ಕಪತ್ರದವರು ಎದುರಿಗೆ ಕೂತಿರುತ್ತಾರೆ. ಇಂಥದ್ದೇ ಪುಸ್ತಕ ಮೊದಲು ಬಂದಿತ್ತಲ್ಲ, ಎಷ್ಟು ಹೋಯಿತು ಅಂತ ಕೇಳುತ್ತಾರೆ. ಲಾಭ ನಷ್ಟದ ಅಂದಾಜು ಹಾಳೆಯೂ ಮುಂದಿರುತ್ತದೆ. ನಮ್ಮಲ್ಲಿ ಅಷ್ಟೂ ಜನರ ಕೆಲಸ ಒಬ್ಬರ ತಲೆಯಲ್ಲೇ ನಡೆಯುತ್ತದೆ. ಈ ಚಿಂತೆ ಹೊಸದೂ ಅಲ್ಲ. ಹಳೆಯ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿದರು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಂಡು ಬೆಳೆಯಿತು. ಕನ್ನಡದ ಪ್ರಕಾಶಕರು ಓದುಗರನ್ನು ಹೀಗೆ ಒಬ್ಬೊಬ್ಬರನ್ನಾಗಿ ಹುಡುಕಿಕೊಂಡೇ ಬಂದಿದ್ದಾರೆ.

ಮೂರು ಹಸ್ತಪ್ರತಿಗಳ ತೀರ್ಮಾನ ಬೇಗ ಆಯಿತು. ನಾಲ್ಕನೆಯದಕ್ಕೆ ನಾನು ಆ ಮೂರು ನೋಟ್‌ಬುಕ್ಕುಗಳನ್ನು ಮುಂದಿಟ್ಟೆ.

ಬರೆದವರು ನಮ್ಮೂರಿನ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದ ಹೆಣ್ಣುಮಗಳು. ಓದಿದ್ದು ಏಳನೇ ಕ್ಲಾಸು. ಅವರ ಸೊಸೆ ನನ್ನ ಹಳೆಯ ವಿದ್ಯಾರ್ಥಿನಿ, ಅವಳೇ ತಂದುಕೊಟ್ಟಿದ್ದಳು. ಮೊದಲ 70 ಪುಟ ಬಾಲ್ಯ, ಜಾತ್ರೆ, ಶಾಲೆ. ಅಲ್ಲಿಯವರೆಗೆ ಬೇರೆಯವರು ಬರೆದಂತೆಯೇ ಇದೆ. 71ನೇ ಪುಟದಲ್ಲಿ ಮದುವೆಯಾಗಿ ಭಟ್ಟಿಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಲ್ಲಿಂದ ನಾನು ನೋಟ್‌ಬುಕ್ಕು ಕೆಳಗಿಡಲಿಲ್ಲ.

"ಹೊಸ ಲೇಖಕಿ. ಹೆಸರು ಯಾರಿಗೂ ಗೊತ್ತಿಲ್ಲ" ಅಂದರು ಅವರು. "ಮಂಡಕ್ಕಿ ತಿನ್ನೋರೆಲ್ಲ ಪುಸ್ತಕ ಓದಲ್ಲ ಅಕ್ಕಾ."

ನಾನು ವಾದ ಮಾಡಲಿಲ್ಲ. ಎರಡನೇ ನೋಟ್‌ಬುಕ್ಕು ತೆಗೆದು ಒಂದು ಪುಟ ಗಟ್ಟಿಯಾಗಿ ಓದಿದೆ. ಬಾಣಲೆಯ ಮರಳು ಹದಕ್ಕೆ ಕಾದಿದೆಯೋ ಇಲ್ಲವೋ ಅಂತ ಲೇಖಕಿಯ ಅತ್ತೆ ಸದ್ದು ಕೇಳಿಯೇ ಹೇಳುತ್ತಿದ್ದರಂತೆ. ನಾಲ್ಕು ಕಾಳು ಅಕ್ಕಿ ಎಸೆದು, ಕಣ್ಣು ಮುಚ್ಚಿ, ಸಿಡಿಯುವ ಸದ್ದು ಕೇಳುವುದು. ಸೊಸೆಯಾಗಿ ಬಂದ ಲೇಖಕಿಗೆ ಆ ಸದ್ದು ತಿಳಿಯುವುದಕ್ಕೆ ಎರಡು ವರ್ಷ ಹಿಡಿಯಿತು. ತಿಳಿದ ದಿನ ಅತ್ತೆ ಏನೂ ಹೇಳಲಿಲ್ಲ. ಸುಮ್ನೆ ಎದ್ದು ಹೋಗಿ, ತಮ್ಮ ಜಾಗ ಬಿಟ್ಟುಕೊಟ್ಟರು.

ಓದಿ ಮುಗಿಸಿ ತಲೆ ಎತ್ತಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು. "ಇನ್ನೊಂದ್ಸಲ ಓದಿ" ಅಂದರು.

ಆಮೇಲೆ ನಾನು ನೂರು ಜನರನ್ನು ಲೆಕ್ಕ ಹಾಕತೊಡಗಿದೆ. ಈ ಸಲ "ಸಾಹಿತ್ಯಾಸಕ್ತರು" ಅನ್ನಲಿಲ್ಲ. ನನ್ನ ಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ 60 ಜನ ಇದ್ದಾರೆ. ಅವರಲ್ಲಿ ಎಂಟು ಹತ್ತು ಮಂದಿ ಭಟ್ಟಿ ಕೆಲಸದವರ ಮಕ್ಕಳು. ತಾಯಿಯ ದುಡಿಮೆಯ ಬಗ್ಗೆ ಪುಸ್ತಕ ಬಂದರೆ ಅವರು ಓದದೆ ಇರುತ್ತಾರಾ? ಸಮಾಜಶಾಸ್ತ್ರ ಪಾಠ ಮಾಡುವ ಗೆಳತಿಯರಿದ್ದಾರೆ. ಕೂಲಿ ಲೆಕ್ಕ, ಮೂಟೆ ಲೆಕ್ಕ ಇಷ್ಟು ಬಿಡಿಸಿ ಬರೆದ ಬರಹ ಅವರಿಗೆ ಬೇರೆಲ್ಲಿ ಸಿಗುತ್ತದೆ? ನಮ್ಮ ಬಡಾವಣೆಯ ಮಹಿಳಾ ಸಂಘದಲ್ಲಿ ತಿಂಗಳಿಗೊಂದು ಪುಸ್ತಕ ಓದುತ್ತೇವೆ, ಅಲ್ಲಿ 20 ಪ್ರತಿ ನನ್ನ ಜವಾಬ್ದಾರಿ. ಊರು ಬಿಟ್ಟು ಬೆಂಗಳೂರು ಸೇರಿದ ದಾವಣಗೆರೆಯವರನ್ನು ಕೊನೆಗೆ ಸೇರಿಸಿದೆ. ಅವರು ಅದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡರು. ಎದುರಿಗೆ ಅಂಕಿ ಹಾಕಿದರು. ಕೂಡಿಸಿದರು.

"ಬಾಲ್ಯದ ಭಾಗ ತೆಗೀಬೇಕು. 128 ಪುಟಕ್ಕೆ ನಿಲ್ಲಿಸೋಣ, ಎಂಟು ಫಾರಂ. ಬೆಲೆನೂ ಕಮ್ಮಿ ಆಗುತ್ತೆ. ಫೋನ್ ಮಾಡಿ ಅಕ್ಕಾ."

ಫೋನಿನಲ್ಲಿ ಆಕೆ ಮೊದಲು ಖುಷಿಪಟ್ಟರು. 70 ಪುಟ ತೆಗೆಯಬೇಕು ಅಂದಾಗ ದನಿ ಇಳಿಯಿತು. "ಅದನ್ನ ಬರಿಯಾಕಂತಾನೇ ಪೆನ್ನು ಹಿಡಿದಿದ್ದು ಮೇಡಮ್ಮೋರೇ. ನಮ್ಮಪ್ಪನ ನೆನಪು ಅದು." ನನಗೆ ತಕ್ಷಣ ಏನು ಹೇಳಬೇಕೋ ತೋಚಲಿಲ್ಲ. ಒಂದು ವಾರ ಯೋಚನೆ ಮಾಡಿ ಅಂದೆ. ವಾರದ ಮೇಲೆ ಅವರೇ ಮನೆಗೆ ಬಂದರು. ಇಬ್ಬರೂ ಕೂತು ಅಪ್ಪನ ಹತ್ತು ಪುಟ ಉಳಿಸಿಕೊಂಡೆವು. ಭಟ್ಟಿಯ ಮುಂದೆ ನಿಂತ ಸೊಸೆಗೆ ಅಪ್ಪನ ಮಾತು ನೆನಪಾಗುವ ಕಡೆ ಅವು ಚೆನ್ನಾಗಿ ಕೂತವು.

ಆ ಭಾನುವಾರ ರಾತ್ರಿಯೇ ಪ್ರಕಾಶಕರನ್ನು ರೈಲ್ವೆ ಸ್ಟೇಷನ್ನಿಗೆ ಬಿಟ್ಟು ಬಂದು, ನಾನು ಹತ್ತು ಪತ್ರ ಬರೆಯಲು ಕೂತೆ. ಪುಸ್ತಕ ತೆಗೆದುಕೊಳ್ಳದಿದ್ದರೂ ಕಾರಣ ತಿಳಿಸಬೇಕು ಅನ್ನುವುದು ನಾನು ಈ ಕೆಲಸ ಒಪ್ಪಿಕೊಂಡಾಗ ಹಾಕಿದ ಒಂದೇ ಷರತ್ತು. ಇಪ್ಪತ್ತು ವರ್ಷದ ಹಿಂದೆ ನನ್ನದೂ ಒಂದು ಕಥೆಗಳ ಕಟ್ಟು ಒಬ್ಬ ಪ್ರಕಾಶಕರ ಬಳಿ ಹೋಗಿತ್ತು. ಎರಡು ವರ್ಷ ಅಂಚೆಯವರ ದಾರಿ ನೋಡಿದೆ. ಬೇಡ ಅಂತಲೂ ಬರಲಿಲ್ಲ. ನಾನು ಆಮೇಲೆ ಕಥೆ ಬರೆಯಲೇ ಇಲ್ಲ.

ಕವನದವರಿಗೆ, ಅನುವಾದದವರಿಗೆ ಬರೆಯುವುದು ಕಷ್ಟವಾಗಲಿಲ್ಲ. ಚಿತ್ರದುರ್ಗದ ಮೇಷ್ಟ್ರ ಪತ್ರಕ್ಕೆ ಮಾತ್ರ ಕೈ ಮುಂದೆ ಹೋಗಲಿಲ್ಲ. ಹನ್ನೊಂದು ವರ್ಷ ಬರೆದಿದ್ದೇನೆ ಅಂತ ಅವರು ಮೊದಲ ಹಾಳೆಯಲ್ಲೇ ಹೇಳಿದ್ದರು. ಮತ್ತೆ ಆ 600 ಪುಟ ತಿರುವಿದೆ. 312ನೇ ಪುಟದಿಂದ ಸುಮಾರು 40 ಪುಟ ಯುದ್ಧವೇ ಇಲ್ಲ. ಕೋಟೆಯೊಳಗಿನ ನೀರಿನ ಕಥೆ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಅಲ್ಲಿ ತುಂಬಿದ ನೀರು ಕೆಳಗಿಳಿದು ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಸಂತೆ ಹೊಂಡಕ್ಕೆ. ಆ ಹಾದಿಯನ್ನು ಕಾಯುವ ಒಬ್ಬ ನೀರುಗಂಟಿ. ಮೊದಲ ಸಲ ಓದಿದಾಗ ಯುದ್ಧಗಳ ನಡುವೆ ಇದು ನನ್ನ ಕಣ್ಣು ತಪ್ಪಿಸಿಕೊಂಡಿತ್ತು. ಆ ತಪ್ಪು ನನ್ನದು. ಪತ್ರದಲ್ಲಿ ಹಾಗೆಂದೇ ಬರೆದೆ. ಕಾದಂಬರಿಯನ್ನು ಯಾಕೆ ಒಪ್ಪಿಕೊಳ್ಳಲಾಗಲಿಲ್ಲ ಅಂತಲೂ ಮುಚ್ಚಿಡದೆ ಹೇಳಿದೆ.

ಹತ್ತು ದಿನ ಬಿಟ್ಟು ಅವರ ಫೋನ್ ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ 40 ಪುಟ ಸಾಕಾ ಮೇಡಂ?" ಅಂತ ಕೇಳಿದರು.

"ಸಾಕಾಗಲ್ಲ ಸರ್" ಅಂದೆ. "ನೀರುಗಂಟಿಯ ಮನೆಯೊಳಗೆ ನೀವಿನ್ನೂ ಕಾಲೇ ಇಟ್ಟಿಲ್ಲ."