ತಗಡಿನ ಶೆಡ್ಡಿನೊಳಗೆ ಗಾಳಿಗೆ ದಾರಿ

ಗಾಜನೂರು ದಾಟಿ ತೀರ್ಥಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಪರಿಚಯದವರೊಬ್ಬರು ಹೊಸ ವರ್ಕ್‌ಶಾಪ್ ಕಟ್ಟಿಸಿದ್ದಾರೆ. 120 ಅಡಿ ಉದ್ದ, 60 ಅಡಿ ಅಗಲ. ಕಬ್ಬಿಣದ ಕಂಬ, ಮೇಲೆ ಮತ್ತು ಸುತ್ತ ಬಣ್ಣದ ತಗಡು. ಅಡಿಕೆ ಸುಲಿಯುವ ಮೆಷಿನ್, ಅಡಿಕೆ ಡ್ರೈಯರ್, ಟ್ರೇಲರ್ ಎಲ್ಲ ಅಲ್ಲಿ ತಯಾರಾಗುತ್ತವೆ. ನಾನು ಶಿವಮೊಗ್ಗದಲ್ಲಿ ಡಕ್ಟ್, ಅಂದರೆ ಗಾಳಿ ಒಯ್ಯುವ ತಗಡಿನ ಕೊಳವೆ, ಕೂರಿಸುವ ಕೆಲಸ ಮಾಡುವವನು. ಏಪ್ರಿಲ್‌ನಲ್ಲಿ ಅವರು ಫೋನ್ ಮಾಡಿ, "ಬೇಸಿಗೆಗೆ ತಂಪು, ಮಳೆಗಾಲಕ್ಕೆ ಬಿಸಿ. ಎರಡಕ್ಕೂ ಸೇರಿಸಿ ಒಂದೇ ಡಕ್ಟ್ ಹಾಕಿಕೊಡಿ ಮಾರಾಯ್ರೇ" ಅಂದರು. ನೋಡದೆ ಏನೂ ಹೇಳಲ್ಲ ಅಂತ ಹೇಳಿ ಒಂದು ದಿನ ಪೂರ್ತಿ ಅಲ್ಲೇ ಕಳೆಯಲು ಹೋದೆ.

ಬೆಳಿಗ್ಗೆ ಒಳಗೆ ಹಿತವಾಗಿತ್ತು. ಮಧ್ಯಾಹ್ನ ಎರಡು ಗಂಟೆಗೆ ನಿಲ್ಲಲು ಆಗಲಿಲ್ಲ. ಹೊರಗೆ ನೆರಳಲ್ಲಿ 36 ಡಿಗ್ರಿ. ಒಳಗೆ ಕೆಲಸ ಮಾಡುವ ಜಾಗದಲ್ಲಿ 39. ಏಣಿ ಹತ್ತಿ, ಮಾಡನ್ನು ಹೊತ್ತ ಕಬ್ಬಿಣದ ಚೌಕಟ್ಟಿನ (ಟ್ರಸ್) ಹತ್ತಿರ ಥರ್ಮಾಮೀಟರ್ ಹಿಡಿದರೆ 47. ತಗಡಿನ ಒಳಮೈಗೆ ಶಾಖ ಅಳೆಯುವ ಗನ್ ಹಿಡಿದಾಗ 58 ತೋರಿಸಿತು. ಏಣಿ ಹಿಡಿದುಕೊಂಡಿದ್ದ ಮೇಸ್ತ್ರಿ, "ಅಡಿಕೆ ಬೇಯಿಸೋ ಒಲೆ ಮೇಲಿನ ಅಟ್ಟದ ಹಾಗೆ ಇದು. ಕೆಳಗಿಂತ ಮೇಲೇ ಜಾಸ್ತಿ ಬಿಸಿ" ಅಂದರು. ಅವರು ಹೇಳಿದ್ದು ಅಕ್ಷರಶಃ ಸರಿ. ಇಂಥ ಎತ್ತರದ ಶೆಡ್ಡಿನಲ್ಲಿ ಬಿಸಿಗಾಳಿ ಮೇಲೆ ಹೋಗಿ ಕೂರುತ್ತದೆ. ಕಾದ ತಗಡು ಕೆಳಗೆ ನಿಂತವರ ತಲೆ, ಹೆಗಲಿಗೆ ನೇರವಾಗಿ ಶಾಖ ಬೀರುತ್ತದೆ. ಗಾಳಿ ಎಷ್ಟೇ ತಂಪಿದ್ದರೂ ಈ ಶಾಖ ಬಡಿಯುವುದು ನಿಲ್ಲಲ್ಲ.

ಹಾಗಾಗಿ ಡಕ್ಟಿನ ಮಾತಿಗೆ ಮೊದಲೇ ಯಜಮಾನರಿಗೆ ಹೇಳಿದೆ: "ಅಣ್ಣ, ಮೊದಲು ತಗಡಿನ ಕೆಳಗೆ ಶಾಖ ತಡೆಯುವ ಪದರ, ಇನ್ಸುಲೇಷನ್ ಹಾಕಿಸಿ. ಮಾಡಿನ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ದಾರಿ ಬಿಡಿ." ಅವರಿಗೆ ಬೇಸರವಾಯಿತು. ಶೆಡ್ ಕಟ್ಟುವಾಗ ಖರ್ಚು ಉಳಿಸಲು ಬಿಟ್ಟಿದ್ದೇ ಅದನ್ನ. ನಮ್ಮ ಕಡೆ ಎದ್ದು ನಿಲ್ಲುತ್ತಿರುವ ಹೊಸ ಶೆಡ್‌ಗಳಲ್ಲಿ ಎಷ್ಟೋ ಕಡೆ ಇದೇ ಕಥೆ. ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಒಳಗೆ ದಿನವಿಡೀ ಚರ್ಮದ ಏಪ್ರನ್ ಕಟ್ಟಿಕೊಂಡು ವೆಲ್ಡಿಂಗ್ ಮಾಡುವವರು ಮನುಷ್ಯರು ಅಲ್ವಾ?

ಯಜಮಾನರ ತಲೆಯಲ್ಲಿ ಇದ್ದದ್ದು ಇಡೀ ಶೆಡ್ಡಿಗೆ ಎಸಿ. ಅವರ ಎದುರೇ ಕೂತು ಲೆಕ್ಕ ಹಾಕಿದೆ. ಸರಾಸರಿ ಎತ್ತರ 20 ಅಡಿ ಹಿಡಿದರೆ ಒಳಗಿನ ಗಾಳಿ 1,44,000 ಘನ ಅಡಿ. ಅದನ್ನು ಗಂಟೆಗೆ 20 ಸಲ ಬದಲಾಯಿಸಬೇಕೆಂದರೆ ನಿಮಿಷಕ್ಕೆ 48,000 ಘನ ಅಡಿ, ಅಂದರೆ 48,000 ಸಿಎಫ್‌ಎಂ. ಎಸಿಯ ತಂಪು ಅಳೆಯುವುದು ಟನ್ನಿನಲ್ಲಿ, ಟನ್ನಿಗೆ 400 ಸಿಎಫ್‌ಎಂ ಗಾಳಿ ಹಿಡಿಯುವುದು ರೂಢಿ. 120 ಟನ್ ಅಂತ ಹಾಳೆಯ ಮೇಲೆ ಬಂದಾಗ ಅವರೇ ಪೆನ್ ಇಸ್ಕೊಂಡು ಗೀಟು ಹಾಕಿದರು. ಎಸಿಗೆ ಗಾಳಿಯನ್ನು ಅಷ್ಟು ಸಲ ಬದಲಾಯಿಸಬೇಕಿಲ್ಲ, ನಿಜವಾದ ಟನ್ನು ಕಡಿಮೆ ಬರುತ್ತದೆ ಅಂತಲೂ ಹೇಳಿದೆ. ಆದರೆ ಟ್ರೇಲರ್ ಹೊರಡಲು 16 ಅಡಿಯ ಶಟರ್ ಎತ್ತಿದ ಕೂಡಲೇ ಆ ತಂಪು ರಸ್ತೆಗೆ ಹೋಗುತ್ತದೆ. ವೆಲ್ಡಿಂಗ್ ಹೊಗೆ ಇರುವ ಕಡೆ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುವುದಂತೂ ಬೇಡವೇ ಬೇಡ. ಒಂದು ಮೂಲೆಯ ಹೊಗೆ ಎಲ್ಲರ ಮೂಗಿಗೂ ಹೋಗುತ್ತದೆ.

ತಂಪು ಬೇಕಿರುವುದು ಶೆಡ್ಡಿಗಲ್ಲ, ಜನಕ್ಕೆ. ಸೀಮೆಸುಣ್ಣ ತಗೊಂಡು ಮೇಸ್ತ್ರಿ ಜೊತೆ ನೆಲದ ಮೇಲೆ ಸುತ್ತಿದೆ. ಯಾರು ಎಲ್ಲಿ ನಿಂತು ಜಾಸ್ತಿ ಹೊತ್ತು ಕೆಲಸ ಮಾಡುತ್ತಾರೋ ಅಲ್ಲೆಲ್ಲ ವೃತ್ತ ಹಾಕಿದೆವು. ಎಂಟು ಜಾಗ ಬಂತು. ಒಂದೊಂದಕ್ಕೆ 1,500 ಸಿಎಫ್‌ಎಂ ಕೊಟ್ಟರೆ ಒಟ್ಟು 12,000. ಮೊದಲಿನ ಲೆಕ್ಕದ ಕಾಲು ಭಾಗ. ಇದಕ್ಕೆ ನೀರಿನ ಪ್ಯಾಡ್ ಇರುವ ಡಕ್ಟ್ ಕೂಲರ್ ಸಾಕು. ಮಾರ್ಚ್, ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ಗಾಳಿ ಒಣಗಿರುತ್ತದೆ. 36 ಡಿಗ್ರಿಯ ಗಾಳಿ ಒಳ್ಳೆಯ ಪ್ಯಾಡ್ ದಾಟಿ 26, 27ಕ್ಕೆ ಬರುತ್ತದೆ. ಹೊರಗಿನ ಹೊಸ ಗಾಳಿಯೇ ಒಳಗೆ ಬರುವುದರಿಂದ ಹೊಗೆ ಮೇಲಿನ ದಾರಿಯಲ್ಲಿ ಹೊರಗೆ ತಳ್ಳಿಸಿಕೊಳ್ಳುತ್ತದೆ. ಒಳಬಂದಷ್ಟು ಗಾಳಿ ಹೊರಹೋಗಲೇಬೇಕು. ಎಲ್ಲ ಮುಚ್ಚಿಕೊಂಡು ಕೂತರೆ ಈ ಕೂಲರ್ ಬರೀ ಸೆಕೆ ಹುಟ್ಟಿಸುತ್ತದೆ.

ವೆಲ್ಡಿಂಗ್ ಜಾಗದಲ್ಲಿ ಮೇಸ್ತ್ರಿ ತಡೆದರು. "ಗಾಳಿ ಸೀದಾ ಇಲ್ಲಿಗೆ ಬಿಡಬೇಡಿ, ಮಿಗ್ ಕೆಲಸ ಕೆಡುತ್ತೆ." ಹೌದು. ಮಿಗ್ ವೆಲ್ಡಿಂಗ್‌ನಲ್ಲಿ ಕರಗಿದ ಲೋಹವನ್ನು ಕಾಯುವುದೇ ಸುತ್ತಲಿನ ಗ್ಯಾಸ್. ಗಾಳಿ ಬೀಸಿ ಅದು ಚೆದುರಿದರೆ ಬೆಸುಗೆಯೊಳಗೆ ಸಣ್ಣ ಸಣ್ಣ ತೂತು ಬೀಳುತ್ತವೆ. ಅಲ್ಲಿಗೆ ದೊಡ್ಡ ಬಾಯಿಯ ಗ್ರಿಲ್ ಹಾಕಿ, ಗಾಳಿ ನಿಧಾನವಾಗಿ ವೆಲ್ಡರ್ ಬೆನ್ನ ಹಿಂದೆ ಇಳಿಯುವ ಹಾಗೆ ಬರೆದುಕೊಂಡೆ. ಹೊಗೆ ಎಳೆಯಲು ಬೇರೆ ಸಣ್ಣ ಪೈಪು, ಬೆಸುಗೆಯ ಪಕ್ಕದಲ್ಲೇ. ಹೊಗೆ ಮುಖ ದಾಟುವ ಮೊದಲೇ ಅದನ್ನು ಹಿಡಿಯಬೇಕು.

ಇನ್ನು ಡಕ್ಟ್ ಎಲ್ಲಿ ಹೋಗಬೇಕು? ನಕ್ಷೆ ನೋಡಿದವರು ನಡುಮಧ್ಯೆ ಅನ್ನುತ್ತಾರೆ. ನಡುವೆ ಓಡುವುದು ಕ್ರೇನ್. ಕ್ರೇನಿನ ಮೇಲೆ ಹಾಕಿದರೆ ತಂಪುಗಾಳಿ ಆ 47 ಡಿಗ್ರಿಯ ಪದರದಲ್ಲಿ ಹಾದು ಬರಬೇಕು. ಮೇಲಾಗಿ ತೂಕ. 12,000 ಸಿಎಫ್‌ಎಂ ಗಾಳಿಯನ್ನು ನಿಮಿಷಕ್ಕೆ 1,500 ಅಡಿ ವೇಗದಲ್ಲಿ ಒಯ್ಯಲು 8 ಚದರ ಅಡಿ ಬಾಯಿ ಬೇಕು, ಅಂದರೆ 38 ಇಂಚಿನ ದುಂಡನೆ ಡಕ್ಟ್. 22 ಗೇಜ್ ದಪ್ಪದ ಜಿಐ (ಸತು ಲೇಪಿಸಿದ ಉಕ್ಕಿನ) ಶೀಟಿನಲ್ಲಿ ಮೀಟರಿಗೆ ಸುಮಾರು 20 ಕೆಜಿ. ತಗಡು ಕೂರುವ ಮಾಡಿನ ಅಡ್ಡಪಟ್ಟಿಗಳನ್ನು (ಪರ್ಲಿನ್) ಅಷ್ಟು ಭಾರಕ್ಕೆ ಲೆಕ್ಕ ಹಾಕಿ ಇಟ್ಟಿರಲ್ಲ. ಕೊನೆಗೆ ಪೂರ್ವದ ಗೋಡೆಯ ಕಂಬಗಳ ಸಾಲಿನಲ್ಲಿ, ಕ್ರೇನ್ ಓಡುವ ತೊಲೆಯ ಕೆಳಗೆ, ಬ್ರಾಕೆಟ್ ಮೇಲೆ ಕೂರಿಸುವುದೆಂದು ಆಯಿತು. ಭಾರ ಸೀದಾ ಕಂಬಕ್ಕೆ. ಪ್ರತಿ ಕವಲಾದ ಮೇಲೆ ಡಕ್ಟ್ ಸಣ್ಣದಾಗುತ್ತ ಹೋಗುತ್ತದೆ, ಇಲ್ಲದಿದ್ದರೆ ಕೊನೆಯವರೆಗೆ ವೇಗ ಉಳಿಯಲ್ಲ. ಯಜಮಾನರು ಖರ್ಚು ಇಳಿಸಲು ಮೊದಲಿಂದಲೇ ಸಣ್ಣ ಡಕ್ಟ್ ಹಾಕೋಣ ಅಂದರು. ಒಪ್ಪಲಿಲ್ಲ. ಅದೇ ಡಕ್ಟಿನಲ್ಲಿ ಗಾಳಿಯ ವೇಗ ಎರಡು ಪಟ್ಟಾದರೆ ಎದುರಾಗುವ ತಡೆ ನಾಲ್ಕು ಪಟ್ಟಾಗುತ್ತದೆ. ಶೀಟಿನಲ್ಲಿ ಉಳಿಸಿದ್ದನ್ನು ಕರೆಂಟ್ ಬಿಲ್ಲಿನಲ್ಲಿ ಪ್ರತಿ ತಿಂಗಳು ಕೊಡಬೇಕು, ಜೊತೆಗೆ ಕಿವಿಗೆ ಗದ್ದಲ.

ಊಟ ಆದ ಮೇಲೆ ಮಳೆಗಾಲದ ಮಾತು ಬಂತು. ನನಗೆ ಆ ದಿನದ ನಿಜವಾದ ಕೆಲಸ ಅಂತ ಅನಿಸಿದ್ದು ಅದೇ.

"ಬಿಸಿ ಯಾಕೆ ಬೇಕು? ಜನಕ್ಕೆ ಚಳಿನಾ?" ಎಂದು ಕೇಳಿದೆ. ಮೇಸ್ತ್ರಿ ಗೋದಾಮಿಗೆ ಕರೆದುಕೊಂಡು ಹೋಗಿ ಹೋದ ವರ್ಷದ ಶಾಫ್ಟುಗಳನ್ನು ತೋರಿಸಿದರು. ಮೈತುಂಬ ತುಕ್ಕಿನ ಚುಕ್ಕೆ. ಪಕ್ಕದಲ್ಲಿ ತೇವ ಎಳೆದುಕೊಂಡ ವೆಲ್ಡಿಂಗ್ ರಾಡಿನ ಡಬ್ಬಿ. ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೋದಷ್ಟೂ ಮಳೆ ಏರುತ್ತ ಹೋಗುತ್ತದೆ. ಜುಲೈನಲ್ಲಿ ಇಲ್ಲಿ ಬಟ್ಟೆಯೇ ಒಣಗಲ್ಲ. ರಾತ್ರಿ ತಗಡು ತಣ್ಣಗಾಗಿ ಒಳಗಿಂದ ಬೆವರುತ್ತದೆ, ಆ ಹನಿ ಕಬ್ಬಿಣದ ಮೇಲೆ ಬೀಳುತ್ತದೆ. ಅಂದರೆ ಬೇಕಾಗಿರುವುದು ಒಣಗಾಳಿ, ಅದೂ ಮುಖ್ಯವಾಗಿ ಕಬ್ಬಿಣಕ್ಕೆ. ಗಾಳಿಯ ತೇವಾಂಶ ಸುಮಾರು ಶೇಕಡ 60 ದಾಟಿದರೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಶೇಕಡ 95 ತೇವ ಇರುವ 22 ಡಿಗ್ರಿಯ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ಅದು 60ರ ಆಸುಪಾಸಿಗೆ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ. ಬಿಸಿಗಾಳಿಗೆ ಹಿಡಿದಿಡುವ ಶಕ್ತಿ ಜಾಸ್ತಿ.

ಇಡೀ ಶೆಡ್ ಕಾಯಿಸುವುದು ದಂಡ. 30 ಅಡಿ, 20 ಅಡಿಯ ಗೋದಾಮು ಒಂದನ್ನು ಒಣಗಿಸಿದರೆ ಸಾಕು. ತಮ್ಮದೇ ಡ್ರೈಯರಿನ ಸೌದೆ ಒಲೆ ಇಡಬಹುದಲ್ಲ ಅಂತ ಯಜಮಾನರು ಕೇಳಿದರು. ಪಕ್ಕದಲ್ಲೇ ಪೇಂಟಿಂಗ್ ಜಾಗ ಇದೆ, ಥಿನ್ನರ್ ಆವಿ ಇರುವ ಕಡೆ ಬೆಂಕಿ ಬೇಡ ಅಂದೆ. ಆಗ ಗೋಡೆಯಾಚೆ ಕಂಪ್ರೆಸರ್ ಶುರುವಾಯಿತು. 20 ಎಚ್‌ಪಿಯ ಸ್ಕ್ರೂ ಕಂಪ್ರೆಸರ್. ಅದು ತಿನ್ನುವ ಕರೆಂಟು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿ ಹೊರಬರುತ್ತದೆ. ಅಷ್ಟೂ ಬಿಸಿಗಾಳಿ ಸುಮ್ನೆ ಹಿತ್ತಲಿಗೆ ಹೋಗುತ್ತಿತ್ತು! ಖುಷಿಯಿಂದ ಅಲ್ಲೇ ಕೂತು ಗೀಚಿದೆ. ಕಂಪ್ರೆಸರ್ ತಲೆಯಿಂದ ಒಂದು ಡಕ್ಟ್, ಅದಕ್ಕೆ ಗಾಳಿಯ ದಾರಿ ಬದಲಿಸುವ ಬಾಗಿಲು, ಎರಡು ದಾರಿಯ ಡ್ಯಾಂಪರ್. ಬೇಸಿಗೆಯಲ್ಲಿ ಹೊರಗೆ, ಮಳೆಗಾಲದಲ್ಲಿ ಗೋದಾಮಿಗೆ. ಕಂಪ್ರೆಸರಿನ ಸ್ವಂತ ಫ್ಯಾನಿಗೆ ಉದ್ದದ ಡಕ್ಟ್ ತಳ್ಳುವ ಶಕ್ತಿ ಇರಲ್ಲ, ನಡುವೆ ಇನ್ನೊಂದು ಫ್ಯಾನ್ ಬೇಕು. ರಾತ್ರಿ ಕಂಪ್ರೆಸರ್ ನಿಂತಿರುತ್ತದೆ, ತುಕ್ಕು ಮಾತ್ರ ನಿಲ್ಲಲ್ಲ. ಅದಕ್ಕೆ ಡಕ್ಟಿನೊಳಗೆ ಸಣ್ಣ ಹೀಟರ್, ತೇವ ನೋಡಿಕೊಂಡು ಆನ್ ಆಗುವ ಸ್ವಿಚ್. ಫ್ಯಾನ್ ತಿರುಗದೆ ಹೀಟರ್ ಹತ್ತಬಾರದು, ಆ ವೈರಿಂಗ್ ಕಡ್ಡಾಯ.

ಹೀಗೆ "ಒಂದೇ ಡಕ್ಟ್" ಹೋಗಿ ಎರಡಾಯಿತು. ಒಂದು ಜನಕ್ಕೆ, ಒಂದು ಕಬ್ಬಿಣಕ್ಕೆ. ಕೂಲರಿನ ಡಕ್ಟಿಗೆ ಮಳೆಗಾಲದಲ್ಲಿ ಪೂರ್ತಿ ಮುಚ್ಚುವ ಬಾಗಿಲು ಬರೆದೆ. ಜೂನಿನ ಹಸಿ ಗಾಳಿಯಲ್ಲಿ ಆ ಕೂಲರ್ ಓಡಿಸಿದರೆ ತುಕ್ಕನ್ನು ನಾವೇ ಕರೆದಂತೆ.

ಸಂಜೆ ದುಡ್ಡಿನ ಮಾತು. ಎಲ್ಲ ಈ ವರ್ಷವೇ ಆಗುವ ಹಾಗಿರಲಿಲ್ಲ. ಮಾಡಿನ ಇನ್ಸುಲೇಷನ್ ಮೊದಲು, ಅದು ಎರಡೂ ಕಾಲಕ್ಕೆ ಬೇಕು. ಮಳೆ ಹಿಡಿಯುವ ಮುಂಚೆ ಗೋದಾಮಿನ ಡಕ್ಟ್. ಕೂಲರ್ ಮುಂದಿನ ಬೇಸಿಗೆಗೆ. ಮೇಸ್ತ್ರಿ ಏನೂ ಅನ್ನಲಿಲ್ಲ, ಆದರೆ ಮೇ ತಿಂಗಳು ಇನ್ನೂ ಮುಂದಿದೆ ಅಂತ ಎಲ್ಲರಿಗೂ ಗೊತ್ತಿತ್ತು. ನನಗೆ ಮನಸ್ಸು ಒಪ್ಪಲಿಲ್ಲ. ನನ್ನ ಶೆಡ್ಡಿನಲ್ಲಿ ಹಳೆಯ ಬ್ಲೋವರ್ ಇರುವ ಸಣ್ಣ ಕೂಲರ್ ಒಂದಿದೆ. ಅದನ್ನು ತಂದು ಗ್ರೈಂಡಿಂಗ್ ಮತ್ತು ವೆಲ್ಡಿಂಗ್, ಈ ಎರಡು ಜಾಗಕ್ಕಾದರೂ ಈಗಲೇ ಗಾಳಿ ಕೊಡುತ್ತೇನೆ, ಮಳೆ ಬಂದ ಮೇಲೆ ವಾಪಸ್ ಒಯ್ಯುತ್ತೇನೆ ಅಂದೆ. ಯಜಮಾನರು ಬಾಡಿಗೆ ಎಷ್ಟು ಅಂದರು. ಸಾಗಾಟದ ಖರ್ಚು ಕೊಟ್ಟರೆ ಸಾಕೆಂದು ಹೇಳಿ, ಮೇಸ್ತ್ರಿ ಜೊತೆ ಅದನ್ನು ಇಡುವ ಕಂಬ ಯಾವುದೆಂದು ಗುರುತು ಹಾಕಿ ಬಂದೆ.