ಎಂಜಿನ್ ಬಿಸಿಯಿರುವಾಗಲೋ, ತಣಿದ ಮೇಲೋ?

ಸಾಗರದಲ್ಲಿ ದ್ವಿಚಕ್ರ ವಾಹನಗಳ ಗ್ಯಾರೇಜ್ ನಡೆಸುತ್ತಿರುವ ನನಗೆ ಬ್ರೇಕ್, ಕ್ಲಚ್, ಮೈಲೇಜ್‌ಗಳ ಬಗ್ಗೆ ಬರುವ ಪ್ರಶ್ನೆಗಳೆಲ್ಲ ಒಂದು ತೂಕವಾದರೆ, ಇದೊಂದೇ ಪ್ರಶ್ನೆ ಇನ್ನೊಂದು ತೂಕ: "ಮನೆಯಲ್ಲೇ ಆಯಿಲ್ ಬದಲಿಸಬೇಕು ಎಂದುಕೊಂಡಿದ್ದೇನೆ. ಎಂಜಿನ್ ಬಿಸಿಯಿರುವಾಗ ತೆಗೆಯಬೇಕೋ, ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ತೆಗೆಯಬೇಕೋ?" ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಅಡಿಕೆ ತೋಟದ ಯಜಮಾನರಿದ್ದಾರೆ, ಅಂಗನವಾಡಿಗೆ ಸ್ಕೂಟರಿನಲ್ಲಿ ಹೋಗುವ ಅಕ್ಕಂದಿರಿದ್ದಾರೆ. ಎಲ್ಲರಿಗೂ ನಿಂತಲ್ಲೇ ಹೇಳುವ ಉತ್ತರ ಇಷ್ಟು: ಉಗುರುಬೆಚ್ಚಗಿರುವಾಗ ತೆಗೆಯಿರಿ, ಎಂಜಿನ್ನಿನ ತಳದಲ್ಲಿ ಆಯಿಲ್ ಇಳಿಸಲೆಂದೇ ಇರುವ ಡ್ರೈನ್ ನಟ್ ಬಿಚ್ಚಿದ ಮೇಲೆ ಅರ್ಧ ಗಂಟೆ ಅದರ ಪಾಡಿಗೆ ಬಿಡಿ. ಏಕೆ ಎಂದು ಮತ್ತೆ ಕೇಳುವವರಿಗಾಗಿ ಈ ಬರಹ.

ನಮ್ಮ ಕಡೆಯವರಿಗೆ ಜೋನಿಬೆಲ್ಲದ ಉದಾಹರಣೆ ಸಾಕು. ಮಾಗಿಯ ಬೆಳಿಗ್ಗೆ ದೋಸೆಗೆ ಬಡಿಸಲು ಡಬ್ಬವನ್ನು ಬಗ್ಗಿಸಿದರೆ ಬೆಲ್ಲ ಇಳಿಯುವುದೇ ಇಲ್ಲ. ಅದೇ ಡಬ್ಬವನ್ನು ಒಲೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸರಾಗವಾಗಿ ಹರಿಯುತ್ತದೆ. ಎಂಜಿನ್ ಆಯಿಲ್‌ನ ಸ್ವಭಾವವೂ ಹೀಗೆಯೇ. ನಮ್ಮ ಸಾಮಾನ್ಯ ನೂರು ಸಿಸಿ ಬೈಕುಗಳಿಗೆ ಹಾಕುವ 10ಡಬ್ಲ್ಯು-30 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಆರೇಳು ಪಟ್ಟು ತೆಳುವಾಗಿರುತ್ತದೆ. ತೆಳುವಾದ ಆಯಿಲ್ ಬೇಗ ಇಳಿಯುತ್ತದೆ, ಗೋಡೆಗೆ ಅಂಟಿಕೊಳ್ಳುವುದೂ ಕಡಿಮೆ. ಬಹುತೇಕ ಕಂಪನಿಗಳ ಕೈಪಿಡಿಗಳು ಎಂಜಿನ್ ಬೆಚ್ಚಗಿರುವಾಗ ಆಯಿಲ್ ತೆಗೆಯಿರಿ ಎಂದು ಹೇಳುವುದು ಇದೇ ಕಾರಣಕ್ಕೆ.

ಆದರೆ ಬೆಚ್ಚಗೆ ಎಂದರೆ ಕುದಿಯುವಷ್ಟು ಎಂದು ಅರ್ಥವಲ್ಲ. ಇದನ್ನು ನಾನು ಮೈಯಲ್ಲಿ ಕಲಿತವನು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಬೈಕು ಹೊನ್ನಾವರದಿಂದ ಘಟ್ಟ ಹತ್ತಿ ನೇರವಾಗಿ ಗ್ಯಾರೇಜಿಗೆ ಬಂದಿತ್ತು. ಸವಾರರಿಗೆ ಅವಸರ, ನನಗೆ ಅವರಿಗಿಂತ ಹೆಚ್ಚು ಅವಸರ. ಐದು ನಿಮಿಷವೂ ಕಾಯದೆ ನಟ್ ಬಿಚ್ಚಿದೆ. ಆಯಿಲ್ ಮಣಿಕಟ್ಟಿನಿಂದ ಮೊಣಕೈವರೆಗೆ ಹರಿಯಿತು. ಬಿಸಿನೀರು ಬಿದ್ದರೆ ಸ್ವಲ್ಪವಾದರೂ ಜಾರಿಹೋಗುತ್ತದೆ. ಆಯಿಲ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ದೂರ ಓಡಿ ಬಂದ ಗಾಡಿಯಲ್ಲಿ ಅದರ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲಿರಬಹುದು. 60 ಡಿಗ್ರಿಯ ನೀರೇ ಕೆಲವು ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ ಎಂದಮೇಲೆ ಇದರ ಮಾತೇನು? ಆ ಕಲೆ ಇಂದಿಗೂ ಹೋಗಿಲ್ಲ. ಅನೇಕ ಬೈಕುಗಳಲ್ಲಿ ಸೈಲೆನ್ಸರಿನ ಬೆಂಡ್ ಪೈಪ್ ಕೂಡ ಡ್ರೈನ್ ನಟ್‌ನ ಹತ್ತಿರದಲ್ಲೇ ಹಾದುಹೋಗುತ್ತದೆ, ಅದು ಆಯಿಲ್‌ಗಿಂತಲೂ ಬಿಸಿ. ಹಾಗಾಗಿ ನನ್ನ ಗ್ಯಾರೇಜಿನ ಹುಡುಗರಿಗೆ ಒಂದೇ ನಿಯಮ. ಎಂಜಿನ್ನಿನ ಹತ್ತಿರ ಮೊದಲು ಅಂಗೈ ಒಡ್ಡಿ ಕಾವು ನೋಡಬೇಕು. ಆಮೇಲೆ ಮುಟ್ಟಿ, ಹತ್ತು ಎಣಿಸುವವರೆಗೆ ಕೈ ಇಡಲು ಆಗುವಂತಿದ್ದರೆ ಮಾತ್ರ ಸ್ಪ್ಯಾನರ್ ಹಾಕಬೇಕು.

ಇನ್ನು ಬೆಳಿಗ್ಗೆ ತಣ್ಣಗೆ ತೆಗೆಯಬೇಕು ಎನ್ನುವವರ ಮಾತು. ಅದರಲ್ಲಿಯೂ ಹುರುಳಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಂಜಿನ್ನಿನ ಮೇಲ್ತುದಿಯ ಹೆಡ್‌ನಲ್ಲಿದ್ದ ಆಯಿಲ್, ಸಿಲಿಂಡರಿನ ಗೋಡೆಯಲ್ಲಿದ್ದ ಆಯಿಲ್ ಎಲ್ಲ ನಿಧಾನವಾಗಿ ಕೆಳಗಿಳಿದು ತಳದಲ್ಲಿ ಸೇರಿರುತ್ತದೆ. ಈಗಷ್ಟೇ ನಿಲ್ಲಿಸಿದ ಎಂಜಿನ್ನಿನಲ್ಲಿ ಒಂದಿಷ್ಟು ಇನ್ನೂ ಮೇಲೆಯೇ ಇರುತ್ತದೆ. ಜೊತೆಗೆ, ಈ ಬಿಸಿ ತಣ್ಣನೆಯ ಜಗಳ ಹೆಚ್ಚು ಜೋರಾಗಿ ನಡೆಯುವುದು ಹಿಮ ಬೀಳುವ ದೇಶಗಳಲ್ಲಿ. 10ಡಬ್ಲ್ಯು ಎಂಬುದರಲ್ಲಿನ ಡಬ್ಲ್ಯು ಅಕ್ಷರವೇ ಇಂಗ್ಲಿಷಿನ ಚಳಿಗಾಲದ ಗುರುತು. ಮೈನಸ್ 25 ಡಿಗ್ರಿಯಲ್ಲೂ ಎಂಜಿನ್ ತಿರುಗುವಷ್ಟು ಆ ಆಯಿಲ್ ತೆಳುವಾಗಿರಬೇಕು ಎಂದು ಪರೀಕ್ಷೆ ಮಾಡುತ್ತಾರೆ. ಅಂಥ ಊರಿನಲ್ಲಿ ಬೆಳಗಿನ ತಣ್ಣನೆಯ ಆಯಿಲ್ ನಮ್ಮ ಮಾಗಿಯ ಜೋನಿಬೆಲ್ಲಕ್ಕಿಂತ ಗಟ್ಟಿ. ಮೇ ತಿಂಗಳಿನ ರಾಯಚೂರಿನಲ್ಲಿ, ಕಲಬುರಗಿಯಲ್ಲಿ ಗಾಡಿಯನ್ನು ಇಡೀ ದಿನ ನೆರಳಿನಲ್ಲಿ ನಿಲ್ಲಿಸಿದರೂ ಆಯಿಲ್ 40 ಡಿಗ್ರಿಯ ಹತ್ತಿರವೇ ಇರುತ್ತದೆ. ಅಲ್ಲಿನ ಗೆಳೆಯರು ಎಂಜಿನ್ ಚಾಲೂ ಮಾಡದೆಯೇ ನಟ್ ಬಿಚ್ಚಿದರೂ ನಾನು ತಪ್ಪೆನ್ನುವುದಿಲ್ಲ. ಇಪ್ಪತ್ತು ನಿಮಿಷ ಹೆಚ್ಚು ಕಾಯಬೇಕು, ಅಷ್ಟೇ.

"ತಣ್ಣಗಾದರೆ ಕೊಳೆಯೆಲ್ಲ ತಳಕ್ಕೆ ಕೂರುತ್ತದೆ, ಹೊರಗೆ ಬರುವುದಿಲ್ಲ" ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಇಂದಿನ ಆಯಿಲ್‌ಗಳಲ್ಲಿ ಮಸಿಯ ಸಣ್ಣ ಕಣಗಳನ್ನು ತೇಲಿಸಿಯೇ ಇಟ್ಟುಕೊಳ್ಳುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಆಯಿಲ್ ಕಪ್ಪಾಗುವುದು ಆ ರಾಸಾಯನಿಕ ತನ್ನ ಕೆಲಸ ಮಾಡುತ್ತಿದೆ ಎಂಬುದರ ಲಕ್ಷಣ. ಒಂದು ರಾತ್ರಿಯಲ್ಲಿ ಆ ಮಸಿ ಕೆಳಗೆ ಕೂರುವುದಿಲ್ಲ. ಲೋಹದ ದಪ್ಪ ಚೂರುಗಳು ಕೂರುತ್ತವೆ, ನಿಜ. ಆದರೆ ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಅವುಗಳನ್ನು ಹಿಡಿಯುವುದಕ್ಕೆಂದೇ ಒಳಗೆ ಜಾಲರಿಯೂ ಗಿರಗಿರನೆ ತಿರುಗುವ ಫಿಲ್ಟರೂ ಇವೆ. ಅವುಗಳನ್ನು ಬಿಚ್ಚಿ ತೊಳೆಯಬೇಕೇ ಹೊರತು ಆಯಿಲ್ ಎಷ್ಟು ಬಿಸಿಯಾಗಿದ್ದರೂ ಅವು ತಾವಾಗಿ ಖಾಲಿಯಾಗುವುದಿಲ್ಲ.

ಮಲೆನಾಡಿನವರು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಮಳೆಗಾಲದ ಆಯಿಲ್ ಬಗ್ಗೆ. ಆಷಾಢ ಶ್ರಾವಣದಲ್ಲಿ ಎಷ್ಟೋ ಗಾಡಿಗಳು ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಎರಡು ಕಿಲೋಮೀಟರ್ ಓಡಿ ನಿಲ್ಲುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ ಎಂದರೆ ಗಿರಾಕಿಗಳು ನಂಬುವುದೇ ಇಲ್ಲ. ಪೆಟ್ರೋಲಿನಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಡನೆ ಸೇರಿ ಆಗುವ ನೀರು ಅದು. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತದೆ, ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿಯಿಂದ ಆಯಿಲ್ ಇರುವ ಕೆಳಭಾಗಕ್ಕೆ ನುಸುಳುತ್ತದೆ. ಎಂಜಿನ್ ಪೂರ್ತಿ ಕಾದರೆ ಅದೂ ಆವಿಯಾಗಿ ಹೋಗಿಬಿಡುತ್ತದೆ. ಕಾಯದೆ ನಿಂತರೆ ಅಲ್ಲೇ ಹನಿಗಟ್ಟಿ ಆಯಿಲ್‌ನೊಂದಿಗೆ ಕದಡಿಕೊಳ್ಳುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು, ಅಂದರೆ ಡಿಪ್ ಸ್ಟಿಕ್ ಅನ್ನು ತೆಗೆದಾಗ ಹಾಲು ಹಾಕಿದ ಚಹಾದ ಬಣ್ಣದ ನೊರೆ ಕಂಡರೆ ಇದೇ ಕಾರಣವಿರಬಹುದು. ಇಂಥ ಗಾಡಿಯನ್ನು ತಣ್ಣಗಿರುವಾಗ ಬಿಚ್ಚಬೇಡಿ. ಆ ನೊರೆ ಮುಚ್ಚಳ, ಗೋಡೆಗಳಿಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಹೊಸ ಆಯಿಲ್ ಹಾಕಿದ ವಾರದಲ್ಲೇ ಮತ್ತೆ ಬೆಳ್ಳಗಾಗುತ್ತದೆ. ಒಂದು ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬನ್ನಿ, ಉಗುರುಬೆಚ್ಚಗಾಗುವವರೆಗೆ ಕಾಯಿರಿ, ಆಮೇಲೆ ತೆಗೆಯಿರಿ. ರೇಡಿಯೇಟರ್ ಇರುವ ಬೈಕಿನಲ್ಲಿ ಇದೇ ಬಣ್ಣ ಕಂಡರೆ ಮಾತ್ರ ಓಡಿಸದೆ ಗ್ಯಾರೇಜಿಗೆ ತೋರಿಸಿ, ಅದರ ನೀರೇ ಒಳಗೆ ಸೋರುತ್ತಿರಬಹುದು.

ತಣ್ಣಗಿರುವಾಗಲೇ ತೆಗೆಯಬೇಕು ಎಂದು ನಾನು ಪಟ್ಟು ಹಿಡಿಯುವ ಸಂದರ್ಭ ಒಂದೇ: ನೆರೆಯಲ್ಲಿ ಮುಳುಗಿದ ಗಾಡಿ. 2019ರ ಆಗಸ್ಟ್‌ನಲ್ಲಿ ಮಲೆನಾಡಿನಲ್ಲಿ ನೆರೆ ಬಂದಾಗ ಹಲವರು ನೀರು ಇಳಿದೊಡನೆ ಕಿಕ್ ಹೊಡೆದು ನೋಡಿ ಎಂಜಿನ್ ಹಾಳುಮಾಡಿಕೊಂಡರು. ನೀರು ಆಯಿಲ್‌ಗಿಂತ ಭಾರ, ಅಲುಗಾಡಿಸದೆ ಬಿಟ್ಟರೆ ತಳದಲ್ಲಿ ನಿಂತಿರುತ್ತದೆ. ಕಿಕ್ಕರ್ ಮುಟ್ಟದೆ, ಸೆಲ್ಫ್ ಒತ್ತದೆ ನಟ್ ಬಿಚ್ಚಿದರೆ ಮೊದಲು ಹೊರಬರುವುದು ನೀರೇ.

ಕಾರಿಗೂ ಇದೇ ಲೆಕ್ಕ. ಡಿಪ್ ಸ್ಟಿಕ್ ಕೊಳವೆಯಿಂದ ಆಯಿಲ್ ಹೀರಿ ತೆಗೆಯುವ ಯಂತ್ರ ಬಳಸುವವರಿಗೆ ಬೆಚ್ಚನೆಯ ಆಯಿಲ್ ಇನ್ನೂ ಮುಖ್ಯ, ದಪ್ಪ ಆಯಿಲ್ ಆ ಸಣ್ಣ ಕೊಳವೆಯಲ್ಲಿ ಏರುವುದೇ ಇಲ್ಲ.

ಕೆಲಸ ಮಾಡುವ ಬಗೆ ಹೀಗೆ. ಎಂಜಿನ್ ತಣ್ಣಗಿದ್ದರೆ ಮೂರು ನಾಲ್ಕು ನಿಮಿಷ ಚಾಲೂ ಮಾಡಿ, ನಿಲ್ಲಿಸಿ, ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಮೇಲಿನದು ಇಳಿದಿರುತ್ತದೆ. ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ ನೆಟ್ಟಗಿರಲಿ. ಮೇಲಿನ ಡಿಪ್ ಸ್ಟಿಕ್ ಬಿಚ್ಚಿಟ್ಟರೆ ಗಾಳಿ ಹೋಗಿ ಆಯಿಲ್ ತಡೆಯಿಲ್ಲದೆ ಇಳಿಯುತ್ತದೆ. ಧಾರೆ ನಿಂತು ಹನಿಯಾದಾಗ ಕೀ ಆಫ್ ಇಟ್ಟುಕೊಂಡು ಕಿಕ್ಕರನ್ನು ನಾಲ್ಕೈದು ಬಾರಿ ಮೆಲ್ಲಗೆ ಒತ್ತಿ, ಸಂದುಗೊಂದಿನಲ್ಲಿ ಉಳಿದದ್ದು ಬರುತ್ತದೆ. ಅರ್ಧ ಗಂಟೆ ಕಾಯುವುದೆಂದರೆ ಇದೇ. ಬಿಸಿಯಿರುವಾಗ ತೆಗೆದು ಐದು ನಿಮಿಷಕ್ಕೆ ನಟ್ ಹಾಕುವವನಿಗಿಂತ ತಣ್ಣಗೆ ತೆಗೆದು ಕೊನೆಯ ಹನಿಯವರೆಗೆ ಕಾಯುವವನ ಎಂಜಿನ್ ಹೆಚ್ಚು ಸ್ವಚ್ಛವಾಗಿರುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ತೆಗೆದ ಆಯಿಲನ್ನು ದಯವಿಟ್ಟು ಚರಂಡಿಗೆ ಸುರಿಯಬೇಡಿ, ಗೆದ್ದಲಿಗೆಂದು ಕಂಬ, ಬೇಲಿಗೆ ಬಳಿಯಬೇಡಿ. ನಮ್ಮ ಮಳೆಗೆ ಅದು ಕೊನೆಗೆ ಬಂದು ಸೇರುವುದು ಬಾವಿಯನ್ನೋ ಹೊಳೆಯನ್ನೋ. ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲನ್ನು ಮರುಬಳಕೆಗೆ ಕಳುಹಿಸುವ ಗ್ಯಾರೇಜಿಗೆ ತಂದುಕೊಡಿ.

ನಟ್ ಹಾಕುವಾಗ ಹೊಸ ವಾಷರ್ ಹಾಕಿ, ಮೊದಲು ಬೆರಳಿನಲ್ಲೇ ತಿರುಗಿಸಿ, ಕೊನೆಗೆ ಸ್ಪ್ಯಾನರ್ ಹಿಡಿಯಿರಿ. ಎಂಜಿನ್ನಿನ ಕೆಳಭಾಗ ಅಲ್ಯೂಮಿನಿಯಂ, ನಟ್ ಉಕ್ಕು. ಬಲ ಹೆಚ್ಚಾದರೆ ಥ್ರೆಡ್ ಹೋಗುವುದು ಎಂಜಿನ್ನಿನದು. ಕೈಪಿಡಿಯಲ್ಲಿ ಹೇಳಿದಷ್ಟು ಆಯಿಲ್ ಹಾಕಿ, ಎರಡು ಮೂರು ನಿಮಿಷ ಚಾಲೂ ಮಾಡಿ ನಿಲ್ಲಿಸಿ, ಸ್ವಲ್ಪ ತಡೆದು ಮಟ್ಟ ನೋಡಿ. ಮರುದಿನ ಬೆಳಿಗ್ಗೆ ಗಾಡಿಯ ಕೆಳಗೆ ಹಾಸಿದ್ದ ಹಳೆಯ ದಿನಪತ್ರಿಕೆಯನ್ನು ತೆಗೆದು ನೋಡಿ. ಒಂದು ಹನಿ ಕಂಡರೂ ನಟ್ಟನ್ನು ಇನ್ನಷ್ಟು ಬಿಗಿಯಲು ಹೋಗಬೇಡಿ, ವಾಷರ್ ಸರಿಯಾಗಿ ಕೂತಿದೆಯೇ ನೋಡಿ.