ಕಂಬದಿಂದ ಕಂಬಕ್ಕೆ ಎಷ್ಟು ಸೆಕೆಂಡ್?

ಮಗಳಿಗೆ ಕಳೆದ ತಿಂಗಳು ಲೈಸೆನ್ಸ್ ಬಂತು. ಸ್ಕೂಟರ್ ಕೀ ಕೊಡುವ ಮೊದಲು ಅವಳನ್ನು ಮನೆ ಹಿಂದಿನ ರಸ್ತೆಗೆ ಕರೆದುಕೊಂಡು ಹೋದೆ. ಟೇಪ್ ಹಿಡಿದು ಎರಡು ಲೈಟ್ ಕಂಬಗಳ ನಡುವೆ ಅಳೆದೆವು. 30 ಮೀಟರ್ ಬಂತು. ರಸ್ತೆಯ ಅಗಲ 7 ಮೀಟರ್.

"36ರಲ್ಲಿ ಹೋದರೆ ಈ ಕಂಬದಿಂದ ಆ ಕಂಬಕ್ಕೆ ಎಷ್ಟು ಹೊತ್ತು, ಪುಟ್ಟಾ?"

"ಅಮ್ಮಾ, ಇಲ್ಲೂ ಲೆಕ್ಕನಾ?"

ಇಲ್ಲೇ ಬೇಕಾಗಿರುವುದು. ಗಂಟೆಗೆ 36 ಕಿಲೋಮೀಟರ್ ಅಂದರೆ 36,000 ಮೀಟರ್. ಗಂಟೆಗೆ 3,600 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 10 ಮೀಟರ್. ಕಂಬದಿಂದ ಕಂಬಕ್ಕೆ 3 ಸೆಕೆಂಡ್. 54ರಲ್ಲಿ ಹೋದರೆ ಎರಡೇ. ಗಂಟೆಯ ಕಿಲೋಮೀಟರನ್ನು ಸೆಕೆಂಡಿನ ಮೀಟರ್ ಮಾಡಲು 5/18ರಿಂದ ಗುಣಿಸಬೇಕು ಅನ್ನೋದು ಅವಳಿಗೆ ಬಾಯಿಪಾಠ ಇತ್ತು. ರಸ್ತೆಯಲ್ಲಿ ನಿಂತು ನೋಡಿರಲಿಲ್ಲ ಅಷ್ಟೆ.

ನಾವೆಲ್ಲ "ಅರವತ್ತರಲ್ಲಿ ಹೋಗ್ತಿದ್ದೆ" ಅಂತೀವಿ. ಅದು ಗಂಟೆಯ ಲೆಕ್ಕ. ಹಾಸನಕ್ಕೆ ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಅಂತ ತಿಳಿಯಲು ಅದು ಸಾಕು. (ದೇಶದಲ್ಲಿ ಮೆಟ್ರಿಕ್ ಅಳತೆಗೆ ಕಾನೂನು ಬಂದಿದ್ದು 1956ರಲ್ಲಿ. ಕಲ್ಲಿನ ಮೇಲೆ ಕಿಲೋಮೀಟರ್ ಬರೆದಿದ್ದರೂ ನಮಗೆ ಅದು ಇವತ್ತಿಗೂ ಮೈಲಿಗಲ್ಲು.) ಆದರೆ ಗೇಟಿನಿಂದ ಮಗು ಓಡಿ ಬಂದಾಗ ಗಂಟೆಯ ಲೆಕ್ಕ ಯಾವ ಕೆಲಸಕ್ಕೂ ಬರುವುದಿಲ್ಲ. ಕಣ್ಣು ನೋಡಿ, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಹೋಗಿರುತ್ತದೆ. 54ರಲ್ಲಿದ್ದರೆ ಅಷ್ಟರಲ್ಲೇ 15 ಮೀಟರ್, ಅಂದರೆ ಮುಂದಿನ ಕಂಬಕ್ಕೆ ಅರ್ಧ ದಾರಿ. ಗಾಡಿ ನಿಧಾನ ಆಗೋದು ಆಮೇಲೆ. ವೇಗ ಎರಡರಷ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ.

ಅಷ್ಟರಲ್ಲಿ ಎದುರು ಮನೆ ಅಜ್ಜಿ ಹಾಲು ತರಲು ಹೊರಟರು. ಸಾಮಾನ್ಯವಾಗಿ ನಾವು ಗಂಟೆಗೆ 5 ಕಿಲೋಮೀಟರ್ ನಡೆಯುತ್ತೇವೆ, ಸೆಕೆಂಡಿಗೆ 1.4 ಮೀಟರ್. ಅಜ್ಜಿಯದು ಒಂದು ಮೀಟರ್ ಇರಬಹುದು. ರಸ್ತೆ ದಾಟಲು 7 ಸೆಕೆಂಡ್ ಬೇಕು. ಆ 7 ಸೆಕೆಂಡಲ್ಲಿ 54ರ ಸ್ಕೂಟರ್ 105 ಮೀಟರ್ ಬಂದಿರುತ್ತದೆ. ಮೂರೂವರೆ ಕಂಬ! ಅಜ್ಜಿ ಹೆಜ್ಜೆ ಇಟ್ಟಾಗ ಅಷ್ಟು ದೂರದ ಗಾಡಿ ಅವರ ಕಣ್ಣಿಗೆ ಬಿದ್ದೂ ಇರಲ್ಲ, ಅಲ್ವಾ? ಮಗಳು ಸುಮ್ಮನೆ ನಿಂತು ಕಂಬಗಳನ್ನೇ ನೋಡುತ್ತಿದ್ದಳು.

ಆಮೇಲೆ ಕೀ ಕೊಟ್ಟು ಹಿಂದೆ ಕೂತೆ. ಮೊದಲ ಕಂಬ ದಾಟಿದ ಕೂಡಲೇ ಅವಳೇ ಜೋರಾಗಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಮುಂದಿನ ಕಂಬ ಬಂತು. ಬಗ್ಗಿ ನೋಡಿದೆ, ಮುಳ್ಳು 27ರ ಹತ್ತಿರ ಇತ್ತು.